ನೀರಿನ ಮೇಲೆ ನಡುಮಧ್ಯಾಹ್ನ ಡ್ರೋನ್ ಹಾರಿಸಬೇಡ ತಮ್ಮಾ

ಆಲಮಟ್ಟಿ ಹಿನ್ನೀರಿನ ಮೇಲೆ ಹನ್ನೆರಡು ಗಂಟೆಗೆ ಡ್ರೋನ್‌ನಿಂದ ತೆಗೆದ ನಿನ್ನ ಫೋಟೋ, ಪೋಸ್ಟ್ ನೋಡಿದೆ. ಮುಂದಿನ ತಿಂಗಳು ಅಘನಾಶಿನಿ ಅಳಿವೆಯಲ್ಲೂ ಅದೇ ಹೊತ್ತಿಗೆ, ನೆರಳು ಬೀಳಲ್ಲ ಅಂತ ಬರೆದಿದ್ದೀಯ. ಬೇಡ. ಹೊಲಕ್ಕೆ ಅದು ಸರಿ, ನೀರಿಗಲ್ಲ.

ನಾನು ಏಪ್ರಿಲ್ ಕೊನೆಗೆ ಅದೇ ಅಳಿವೆಯ ತದಡಿಯಲ್ಲಿ ಹೀಗೇ ಹಾರಿಸಿದ್ದೆ. ಆ ದಿನಗಳಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಬಾಗಲಕೋಟೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿದರೆ ಒಂದೊಂದು ಫೋಟೋದ ನಟ್ಟನಡುವೆಯೂ ನೀರಲ್ಲಿ ಸೂರ್ಯನ ಪ್ರತಿಬಿಂಬದ ಬಿಳಿ ಹೊಳಪು. ಕೆಸರು ನೀರೋ ತಿಳಿ ನೀರೋ ಗೊತ್ತಾಗಲ್ಲ. ಎಡಿಟಿಂಗ್‌ನಲ್ಲೂ ವಾಪಸ್ ಬರಲ್ಲ, ಅಲ್ಲಿ ಬಣ್ಣವೇ ಉಳಿದಿರಲ್ಲ. ಎರಡು ದಿನದ ಕೆಲಸ ಪೂರ್ತಿ ಹೋಯಿತು.

ಈಗ ಸೂರ್ಯ 35ರಿಂದ 45 ಡಿಗ್ರಿ ಎತ್ತರದಲ್ಲಿರುವಾಗ, ಅಂದರೆ ಬೆಳಿಗ್ಗೆ ಒಂಬತ್ತು-ಹತ್ತರ ಸುಮಾರಿಗೆ ಮುಗಿಸುತ್ತೇನೆ. ಕಡಲಗಾಳಿಯೂ ಆಗ ಕಡಿಮೆ. ಸೂರ್ಯ ಬೆನ್ನಿಗಿರಲಿ, ಕ್ಯಾಮೆರಾ ನೇರ ಕೆಳಗಿಂದ 10-15 ಡಿಗ್ರಿ ಮುಂದಕ್ಕೆ. ನೇಗಿಲ ಸಾಲಿನ ಹಾಗೆ ಹೋಗಿ ಬರುವಾಗ ಆ್ಯಪ್ ಡ್ರೋನ್ ಮುಖ ತಿರುಗಿಸುತ್ತದೆ, ಅದನ್ನು ಲಾಕ್ ಮಾಡು. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬೆಳಕು, ಬಣ್ಣದ ಸೆಟ್ಟಿಂಗ್) ಕೂಡ ಲಾಕ್. ಬರೀ ನೀರಿನ ಫೋಟೋಗಳು ಒಂದಕ್ಕೊಂದು ಜೋಡಣೆಯಾಗಿ ನಕ್ಷೆ ಆಗಲ್ಲ, ಅಲೆ ಒಂದು ಕಡೆ ನಿಲ್ಲಲ್ಲ ಅಲ್ವಾ? ಪ್ರತಿ ಸಾಲಿನ ತುದಿಗೂ ದಡವೋ ಕಾಂಡ್ಲಾ (ಮ್ಯಾಂಗ್ರೋವ್) ಗಿಡವೋ ಬರಲಿ.

ನಮ್ಮ ಹಿನ್ನೀರಿಗೆ ಉಬ್ಬರ-ಇಳಿತ ಇಲ್ಲ, ಅದಕ್ಕೇ ಮರೆತುಬಿಡುತ್ತೇವೆ. ಅಲ್ಲಿ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಬೆಳಚು (ತಿನ್ನುವ ಚಿಪ್ಪುಜೀವಿ) ಆಯುವ ಕೆಸರುಬಯಲು ಬೇಕಿದ್ದರೆ ಬೆಳಗಿನ ಬಿಸಿಲೂ ಇಳಿತವೂ ಒಟ್ಟಿಗೆ ಸಿಗಬೇಕು. ಅದು ಹದಿನೈದು ದಿನಕ್ಕೊಮ್ಮೆ, ಎರಡು-ಮೂರು ದಿನ ಮಾತ್ರ. ಮೊದಲು ಟೈಡ್ ಟೇಬಲ್ (ಉಬ್ಬರ-ಇಳಿತದ ವೇಳಾಪಟ್ಟಿ) ನೋಡು, ಆಮೇಲೆ ಬಸ್ ಟಿಕೆಟ್.

ನಿನ್ನ ಪೋಸ್ಟಿಗೆ ಯಾರೋ ಮಾವಿಕ್ 3 ಮಲ್ಟಿಸ್ಪೆಕ್ಟ್ರಲ್ (ಬೇರೆ ಬೇರೆ ಬಣ್ಣದ ಬೆಳಕನ್ನು ಪ್ರತ್ಯೇಕವಾಗಿ ಹಿಡಿಯುವ ಡ್ರೋನ್) ತಗೋ ಅಂದಿದ್ದಾರೆ. ಬೆಳೆಗೆ ಒಳ್ಳೆಯದು. ಆದರೆ ಅದರ ನಾಲ್ಕು ಬ್ಯಾಂಡಿನಲ್ಲಿ (ಬೆಳಕಿನ ಪಟ್ಟಿಗಳಲ್ಲಿ) ನೀಲಿ ಇಲ್ಲ, ನೀರು ನೋಡಲು ಅದೂ ಬೇಕು. ಸುಮ್ನೆ ದುಡ್ಡು ಸುರಿಯಬೇಡ. ಮೊದಲು ದೋಣಿಯಿಂದ 20 ಸೆಂ.ಮೀ. ಅಗಲದ ಸೆಕ್ಕಿ ಡಿಸ್ಕ್ (ನೀರು ಎಷ್ಟು ತಿಳಿ ಅಂತ ಅಳೆಯುವ ತಟ್ಟೆ) ಇಳಿಸಿ, ಕಪ್ಪು-ಬಿಳುಪು ಕಣ್ಮರೆಯಾಗುವ ಆಳ ಬರೆದುಕೋ. ಆ ಅಳತೆ ಇಲ್ಲದೆ ಫೋಟೋದ ಕಂದು ಬಣ್ಣದಿಂದ ಕೆಸರೆಷ್ಟು ಅಂತ ಹೇಳಲು ಆಗಲ್ಲ.

ನೀರಿಗೆ ತೀರಾ ಹತ್ತಿರ ಇಳಿಸಬೇಡ, ಕೆಳಗಿನ ಸೆನ್ಸರ್ ಮೋಸ ಹೋಗುತ್ತದೆ. ಕಾಳಿ ಅಳಿವೆಗೂ ಹೋಗುವುದಾದರೆ ಕಾರವಾರದಲ್ಲಿ ನೌಕಾನೆಲೆ ಇದೆ, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ನೋಡದೆ ಬ್ಯಾಟರಿಯನ್ನೂ ಹಾಕಬೇಡ. ಮತ್ತೆ, ಊರಿಗೆ ಬಂದ ಮೇಲೆ ಒರೆಸಿದರಾಯಿತು ಅನ್ನಬೇಡ. ಇಳಿಸಿದ ಕೂಡಲೇ ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ರೆಕ್ಕೆ, ಮೈ, ಕಾಲು ಒರೆಸು. ಉಪ್ಪು ನಮ್ಮ ಧೂಳಿನ ಹಾಗಲ್ಲ, ಊದಿದರೆ ಹೋಗಲ್ಲ.