ನಮ್ಮೂರಲ್ಲಿ 20ಕ್ಕೆ 19 ಅಂದರೆ

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ: "ನಿಮ್ಮ ಗಡಿ ಕಡೆ ಹೈಸ್ಕೂಲುಗಳಲ್ಲಿ ಪೇರೆಂಟ್ಸಿಗೆ ಮಕ್ಕಳ ಮಾರ್ಕ್ಸ್ ಹೇಗೆ ಗೊತ್ತಾಗುತ್ತೆ? ಆಪ್ ಗೀಪ್ ಏನೂ ಇಲ್ವಾ?" ಆಗ ನಕ್ಕು ಸುಮ್ಮನಾದೆ. ಬಿ.ಎಡ್‌ನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು ನೀನು, ಜಗಳ ಯಾಕೆ ಅಂತ. ಆದರೆ ರಾತ್ರಿಯೆಲ್ಲ ಅದೇ ತಲೆಯಲ್ಲಿ ಕೊರೆಯಿತು.

ಮೊದಲು ಆ ಗಡಿ ವಿಷಯ. ನಮ್ಮ ಹಾವೇರಿ ಜಿಲ್ಲೆಯಿಂದ ಯಾವ ದಿಕ್ಕಿಗೆ ಹೊರಟರೂ ಸಿಗುವುದು ಕರ್ನಾಟಕದ್ದೇ ಇನ್ನೊಂದು ಜಿಲ್ಲೆ. ನಿಮ್ಮ ಬೆಂಗಳೂರಿನಿಂದ ತಮಿಳುನಾಡಿನ ಹೊಸೂರು 40 ಕಿ.ಮೀ. ಗಡಿಯಲ್ಲಿ ಕೂತವರು ನೀವಾ, ನಾವಾ? 1956ಕ್ಕೆ ಮುಂಚೆ ಮುಂಬೈ ಸರ್ಕಾರದ ಕೆಳಗಿದ್ದೆವು, ನಿಜ. 2021ರಲ್ಲಿ ಮುಂಬೈ ಕರ್ನಾಟಕ ಅನ್ನೋ ಹೆಸರೂ ಹೋಗಿ ಕಿತ್ತೂರು ಕರ್ನಾಟಕ ಆಯಿತು. 2023ರಲ್ಲಿ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲೇ ನಡೆಯಿತು. ಆದರೂ ನಾವು 'ಆ ಕಡೆಯವರು'. ಇರಲಿ.

ನಿನ್ನ ಪ್ರಶ್ನೆಗೆ ಬರುತ್ತೇನೆ. ನಿಮ್ಮಲ್ಲಿ ಇರೋದೆಲ್ಲ ನಮ್ಮಲ್ಲೂ ಇದೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಪಾಠದ ನಡುನಡುವಿನ ಕಿರುಪರೀಕ್ಷೆ, ಚಟುವಟಿಕೆ), ಎರಡು ಸಂಕಲನಾತ್ಮಕ (ಅವಧಿ ಮುಗಿದಾಗಿನ ದೊಡ್ಡ ಪರೀಕ್ಷೆ). ಅಂಕಗಳನ್ನು ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ಗೆ ಏರಿಸುತ್ತೇವೆ, ಪ್ರಗತಿ ಪತ್ರ ಮನೆಗೆ ಹೋಗುತ್ತದೆ, ಸಹಿಯಾಗಿ ವಾಪಸ್ ಬರುತ್ತದೆ (ಕೆಲವು ಸಹಿಗಳು ಮಗನ ಅಕ್ಷರದಲ್ಲೇ ಇರುತ್ತವೆ, ಅದು ಬೇರೆ ಮಾತು). ವಾಟ್ಸಾಪ್ ಗುಂಪೂ ಇದೆ. ಆದರೆ ಅದರಲ್ಲಿರುವ ನಂಬರು ಅಪ್ಪನದು, ಅಪ್ಪ ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋಗಿರುತ್ತಾನೆ. ನಾವು ಕಾರ್ಡಿನ ಫೋಟೋ ಹಾಕಿದರೆ ಅಲ್ಲಿಂದ ಕೈಮುಗಿದ ಚಿತ್ರ ಬರುತ್ತದೆ. ಮನೆಯಲ್ಲಿರುವ ತಾಯಿಗೆ ಏನೂ ಗೊತ್ತಿರಲ್ಲ.

ಸಭೆ ಕರೆಯೋದಾದರೂ ಪಂಚಾಂಗ ನೋಡಿದ ಹಾಗೆ ನೋಡಬೇಕು. ದಸರಾ ರಜೆ ಮುಗಿಸಿ ಮೊದಲ ಸಂಕಲನಾತ್ಮಕದ ಫಲಿತಾಂಶ ಹೇಳೋಣ ಅಂದರೆ ಗೋವಿನಜೋಳ ಮುರಿಯುವ ಕಾಲ. ಜನವರಿ ದಾಟಿದರೆ ಮೆಣಸಿನಕಾಯಿ. ಬ್ಯಾಡಗಿ ಪೇಟೆ ಸೋಮವಾರ, ಗುರುವಾರ. ಆ ದಿನ ಸಭೆ ಇಟ್ಟರೆ ನಾನು, ಹೆಡ್ ಮಾಸ್ತರು, ಖಾಲಿ ಕುರ್ಚಿ. ಬಂದವರು ಅರ್ಧ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. 'ಪಾಲಕರಿಗೆ ಕಾಳಜಿ ಇಲ್ಲ' ಅಂತ ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ.

ಇದನ್ನೆಲ್ಲ ಹೇಗೋ ಸಂಭಾಳಿಸಬಹುದು. ನನಗೆ ದಿನಾ ಗುದ್ದಾಟ ಇರೋದು ಆ 20 ಅಂಕದ ಜೊತೆ. ಎಸ್ಸೆಸ್ಸೆಲ್ಸಿ 625 ಅಂಕದ್ದು. ಪ್ರಥಮ ಭಾಷೆಗೆ ಬರವಣಿಗೆ 100, ಆಂತರಿಕ 25. ಉಳಿದ ಐದು ವಿಷಯಕ್ಕೆ 80 ಮತ್ತು 20. ಆ 20ನ್ನು ಕೊಡುವವರು ನಾವೇ, ಕಿರುಪರೀಕ್ಷೆ, ಚಟುವಟಿಕೆ ನೋಡಿ. ಕೈ ಧಾರಾಳ. ಯಾಕೆ ಅಂತ ನಿನಗೂ ಗೊತ್ತು, ನೀನೂ ಹಾಗೇ ಕೊಡುತ್ತೀಯ ಅಲ್ವಾ?

ಹೋದ ಸಲ ಪೂರ್ವಸಿದ್ಧತಾ ಪರೀಕ್ಷೆ ಆದ ಮೇಲೆ ಒಬ್ಬಳು ತಾಯಿ ಬಂದಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದಿಂದ ನೇರ ಬಂದಿದ್ದಳು. ಒಳಗೆ ಬಂದ ಕೂಡಲೇ ಇಡೀ ಸ್ಟಾಫ್ ರೂಮು ಸೀನಿತು. ಕೈ ಉರಿಯುತ್ತದೆ ಅಂತ ಕಾರ್ಡು ಮುಟ್ಟಲಿಲ್ಲ. ಸೆರಗಿನ ತುದಿಯಿಂದ ಹಿಡಿದು, "ವಿಜ್ಞಾನದಾಗ ಎಷ್ಟ್ರೀ ಅಕ್ಕೋರ?" ಅಂದಳು. ಮಗ ಅಷ್ಟರಲ್ಲಿ ಬಾಯಿ ಹಾಕಿದ, "ಇಪ್ಪತ್ತಕ್ಕ ಹತ್ತೊಂಬತ್ತ ಬೇ!" ಅವಳ ಮುಖ ಅರಳಿತು. ಬರವಣಿಗೆಯಲ್ಲಿ 80ಕ್ಕೆ 21 ಬಂದಿದೆ ಅಂತ ನಾನು ಹೇಳಬೇಕಿತ್ತು. ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಹತ್ತೊಂಬತ್ತು ತಗೊಂಡವನು ಇಪ್ಪತ್ತೊಂದು ತಗೊಂಡರೆ ಜಾಸ್ತಿಯೇ ಆಯಿತಲ್ಲ!

ಬೋರ್ಡಿನ ಮೇಲೆ ಬರೆದೆ. ಎರಡು ಸಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ, "ಅಂದ್ರ ನೀವು ಕೊಟ್ಟಿದ್ದು ಹಸಿ ಕಾಯಿ ತೂಕ. ಒಣಗಿದ ಮ್ಯಾಲ ಇಷ್ಟ ಉಳೀತು. ಹೌದಲ್ರೀ?" ಅಂದಳು.

ಪೂರ್ತಿ ಸರಿಯಲ್ಲ. ಆ 19 ಎಲ್ಲೂ ಆವಿಯಾಗಿ ಹೋಗಲ್ಲ, ಲೆಕ್ಕಕ್ಕೆ ಬರುತ್ತದೆ. ಆದರೆ ಹನ್ನೊಂದು ವರ್ಷದಿಂದ ನಾನು ಹೇಳಲು ಒದ್ದಾಡುತ್ತಿದ್ದುದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ಹಸಿ ತೂಕ ಹಾಕಿದ ತಕ್ಕಡಿ ನನ್ನದೇ ಅನ್ನೋದೂ ಅದರಲ್ಲೇ ಇತ್ತು. ಮಗ ನೆಲ ನೋಡುತ್ತಿದ್ದ. ನಾನೂ ಹೆಚ್ಚು ಕಡಿಮೆ ಹಾಗೇ.

ಸಹಿ ಬರಲ್ಲ ಅಂದಳು. ಸ್ಟಾಂಪ್ ಪ್ಯಾಡು ಹುಡುಕುತ್ತಿದ್ದೆ, ಅಷ್ಟರಲ್ಲಿ ಸೆರಗಿಗೆ ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿಯೇಬಿಟ್ಟಳು. ಕಾರ್ಡಿನ ಮೇಲೆ ಕೆಂಪಗೆ ಮೂಡಿತು. ಹೆಡ್ ಮಾಸ್ತರು ಅದನ್ನು ನೋಡಿ, "ಇದು ನಡೀತದೇನ್ರೀ ಟೀಚರ್?" ಅಂದರು. ನಡೀತದೆ ಅಂದೆ.