ಗೌಜಲಕ್ಕಿ ಹುರಿದಾಗ ಎದೆ ಒಣಗಿ ತೊಡೆ ಹಸಿಯಾಗಿ ಉಳಿಯುವುದೇಕೆ?

ಇಡೀ ಗೌಜಲಕ್ಕಿಯನ್ನು ತವಾದಲ್ಲಿ ಹುರಿದರೆ ಎದೆ ನಾರಾಗಿ, ತೊಡೆಸಂದು ಹಸಿಯಾಗೇ ಉಳಿಯುತ್ತದೆ ಎಂದಿದ್ದೀರಿ. ಫಾರಂ ಹಕ್ಕಿ ಶುಚಿ ಮಾಡಿದ ಮೇಲೆ ಸುಮಾರು 120–150 ಗ್ರಾಂ ಇರುತ್ತದೆ. ಎದೆಯಲ್ಲಿ ಕೊಬ್ಬು ಕಡಿಮೆ, ಬೇಗ ಬೇಯುತ್ತದೆ. ಮಡಚಿಕೊಂಡ ತೊಡೆಸಂದಿಗೆ ಬಿಸಿ ತಲುಪುವುದು ತಡ.

ಹಾಗಾಗಿ ಹಕ್ಕಿಯನ್ನು ಚಪ್ಪಟೆ ಮಾಡಿ. ಅಡುಗೆ ಕತ್ತರಿಯಲ್ಲಿ ಬೆನ್ನುಮೂಳೆಯ ಎರಡೂ ಬದಿ ಕತ್ತರಿಸಿ ತೆಗೆದು (ಸಾರಿಗೆ ಇಟ್ಟುಕೊಳ್ಳಿ, ಎಸೆಯಬೇಡಿ), ಬಿಡಿಸಿ ಮಗುಚಿ, ಎದೆಯ ಮೇಲೆ ಅಂಗೈಯಿಟ್ಟು ಒತ್ತಿ. ಮೂಳೆ ಲಟಕ್ಕೆನ್ನಬೇಕು. ಪಕ್ಕೆಲುಬಿಗೆ ಅಂಟಿದ ಶ್ವಾಸಕೋಶದ ಚೂರುಗಳನ್ನು ಬೆರಳಲ್ಲೇ ಕೆರೆದುಬಿಡಿ. ಚರ್ಮ ಸುಲಿಯಬೇಡಿ ಎಂದು ಅಂಗಡಿಯಲ್ಲೇ ಹೇಳಿ. ಎದೆ ಒಣಗದಂತೆ ಕಾಯುವುದು ಅದೇ.

ನಾಲ್ಕು ಹಕ್ಕಿಗೆ ಒಂದು ಟೀ ಚಮಚ ಉಪ್ಪು, ಎರಡು ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಎರಡು ಚಮಚ ಆಗಷ್ಟೇ ಕುಟ್ಟಿದ ಕಾಳುಮೆಣಸು, ಚಿಟಿಕೆ ಅರಿಸಿನ. ಫ್ರಿಜ್ಜಿನಲ್ಲಿ ಒಂದು ಗಂಟೆ ಸಾಕು. ನಿಂಬೆರಸ ಹಾಕಿ ರಾತ್ರಿಯಿಡೀ ಇಟ್ಟರೆ ಮಾಂಸ ಮೆತ್ತಗೆ ಹಿಟ್ಟಿನಂತಾಗುತ್ತದೆ, ಇಳಿಸಿದ ಮೇಲೆ ಹಿಂಡಿ.

ಮಧ್ಯಮ ಉರಿ. ಚರ್ಮ ಕೆಳಗಾಗಿ 6–7 ನಿಮಿಷ, ತಿರುವಿ ಇನ್ನೈದು ನಿಮಿಷ. ತೊಡೆಸಂದಿಗೆ ಚುಚ್ಚಿದರೆ ರಸ ತಿಳಿಯಾಗಿ ಬರಬೇಕು. ಥರ್ಮಾಮೀಟರ್ ಇದ್ದರೆ 74 ಡಿಗ್ರಿ ಸೆಲ್ಸಿಯಸ್.

ಕೊಳ್ಳುವುದು ಫಾರಮ್ಮಿನ ಜಪಾನಿ ತಳಿಯೇ ಆಗಿರಲಿ. ಕಾಡಿನ ಗೌಜಲಕ್ಕಿ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.