ಮಳೆಗಾಲದಲ್ಲಿ ಬಾಗಿಲು ಬಿಗಿಯಾದರೆ ಕೂಡಲೇ ಕೀಸುಳಿ ಹಾಕಬಹುದಾ?

ಬೇಡ, ಮಳೆ ಮುಗಿಯುವ ತನಕ ಕಾಯಿರಿ. ಮರ ಗಾಳಿಯ ತೇವ ಹೀರಿಕೊಂಡು ಉಬ್ಬುತ್ತದೆ, ಅದೂ ಎಳೆಗೆ ಅಡ್ಡವಾಗಿ, ಅಂದರೆ ಅಗಲಕ್ಕೆ; ಉದ್ದಕ್ಕೆ ಲೆಕ್ಕಕ್ಕೆ ಬರುವಷ್ಟು ಬೆಳೆಯುವುದಿಲ್ಲ. ಹಾಗಾಗಿ ಬಾಗಿಲು ಚಿಲಕದ ಬದಿಯಲ್ಲಿ ಕಚ್ಚುತ್ತದೆ. ಜುಲೈಯಲ್ಲಿ ಕೀಸಿದರೆ ಮಾರ್ಚ್‌ನಲ್ಲಿ ಮರ ಒಣಗಿ ಸಂದು ಬೀಳುತ್ತದೆ, ಕೀಸಿದ ಮರ ವಾಪಸ್ ಬರುವುದಿಲ್ಲ ಅಲ್ವಾ.

ಮೊದಲು ತಿರುಗಣೆಯ, ಅಂದರೆ ಬಾಗಿಲು ತಿರುಗುವ ಕೀಲಿನ, ಸ್ಕ್ರೂ ನೋಡಿ. ಬದಿಯಡ್ಕದ ನಮ್ಮ ಮನೆಯಲ್ಲಿ ಹಲಸಿನ ಬಾಗಿಲಿನ ಮೇಲಿನ ಸ್ಕ್ರೂ ಸಡಿಲವಾಗಿ, ಬಾಗಿಲು ಜೋತು ನೆಲಕ್ಕೆ ಉಜ್ಜುತ್ತಿತ್ತು, ನಾನು ಸುಮ್ನೆ ಮಳೆಯನ್ನು ಬೈಯುತ್ತಿದ್ದೆ. ತೂತಿಗೆ ಫೆವಿಕಾಲ್ ಹಚ್ಚಿದ ಬೆಂಕಿಕಡ್ಡಿ ತುರುಕಿ, ಒಣಗಿದ ಮೇಲೆ ಸ್ಕ್ರೂ ತಿರುಗಿಸಿದೆ, ಸರಿಯಾಯಿತು.

ಸ್ಕ್ರೂ ಗಟ್ಟಿಯಿದ್ದರೆ ದಾರಂದಕ್ಕೆ (ಬಾಗಿಲಿನ ಚೌಕಟ್ಟಿಗೆ) ಬಣ್ಣದ ಸೀಮೆಸುಣ್ಣ ಉಜ್ಜಿ ಬಾಗಿಲು ಮುಚ್ಚಿ ತೆರೆಯಿರಿ, ಸುಣ್ಣ ಅಂಟಿದ ಜಾಗವೇ ಕಚ್ಚುವ ಜಾಗ. ಅಲ್ಲಿ ಸದ್ಯಕ್ಕೆ ಮೇಣದ ಬತ್ತಿ ತಿಕ್ಕಿ. ಬೇಸಿಗೆಯಲ್ಲಿ ಬಾಗಿಲು ಬಿಚ್ಚಿ, ಮೇಲಿನ ಮತ್ತು ಕೆಳಗಿನ ಅಂಚಿಗೆ ತಪ್ಪದೆ ಪೈಂಟ್ ಕೊಡಿ. ಕಣ್ಣಿಗೆ ಕಾಣದ ಈ ಅಂಚುಗಳನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ಮರದ ಕತ್ತರಿಸಿದ ತುದಿಯೇ ನೀರನ್ನು ಎಲ್ಲಕ್ಕಿಂತ ಜಾಸ್ತಿ ಕುಡಿಯುವುದು.